ಗುರುವಾರದ ಕಾರು

ಹೂಂಗುಟ್ಟುವವರಿದ್ದರೆ ಕಥೆ ತಾನಾಗಿ ನಡೆಯುತ್ತದೆ, ಇಲ್ಲದಿದ್ದರೆ ಹೊಸಿಲ ಮೇಲೇ ಕೂತುಬಿಡುತ್ತದೆ.

ಹೆಮ್ಮರಗಾಲದಲ್ಲಿ ಒಂದು ಬಿಳಿ ಕಾರಿತ್ತಂತೆ. ಅದಕ್ಕೆ ಇಪ್ಪತ್ತೆಂಟು ವರ್ಷವಂತೆ. ಅದನ್ನು ಸಾಕಿಕೊಂಡಿದ್ದವರು ಒಬ್ಬ ಮುದುಕ, ಒಬ್ಬಳು ಮುದುಕಿ. ಆ ಮುದುಕಿಗೆ ತಿರುಮಕೂಡಲು ನರಸೀಪುರದಲ್ಲಿ ಒಬ್ಬಳು ತಂಗಿ ಇದ್ದಳಂತೆ. ತಂಗಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಳು. ಸೊಸೆಯರು ಮುಟ್ಟಿದರೆ ಮುಖ ತಿರುಗಿಸುವಳು, ಅಕ್ಕ ಬಂದರೆ ಮಾತ್ರ ತಲೆಗೆ ನೀರು ಹಾಕಿಸಿಕೊಳ್ಳುವಳು. ಅಕ್ಕನಿಗೋ ಮಂಡಿ ಮಡಚದು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಹಾಗಾಗಿ ಗುರುವಾರ ಬಂತೆಂದರೆ ಮುದುಕ ಕಾರು ತೆಗೆಯುವುದು, ಮುದುಕಿ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿ ಕೂರುವುದು, ಇಬ್ಬರೂ ನರಸೀಪುರಕ್ಕೆ ಹೋಗಿ ತಂಗಿಯ ತಲೆ ಉಜ್ಜಿ, ಬಾಚಿ, ಹೆಣೆದು ಬರುವುದು. ಮೂರು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿರಲಿಲ್ಲವಂತೆ.

ಹೀಗಿರಲಾಗಿ ಸಂಕ್ರಾಂತಿಯ ಮಾರನೆಯ ದಿನ, ಅದೂ ಗುರುವಾರವೇ, ಆ ಕಾರು ಹೊಗೆ ಉಗುಳಿ ನಿಂತುಬಿಟ್ಟಿತು.

ಅಲ್ಲಿಗೆ ‘ಅಂತೆ’ಗಳು ಮುಗಿದವು. ಮುಂದಿನದೆಲ್ಲ ಕವನ ಕಣ್ಣಾರೆ ಕಂಡದ್ದು, ಕೈಯಾರೆ ಮುಟ್ಟಿದ್ದು.

ಕವನ ನಂಜನಗೂಡಿನಿಂದ ಸ್ಕೂಟರಿನಲ್ಲಿ ಬಂದು ಅವರ ಅಂಗಳದಲ್ಲಿ ಇಳಿದಾಗ ಹತ್ತು ಗಂಟೆಯ ಮೇಲೆ ಐದು ನಿಮಿಷ. ಅವಳು ನಟರಾಜ್‌ನ ಗ್ಯಾರೇಜಿನ ಮೆಕ್ಯಾನಿಕ್. ಮುಡುಕುತೊರೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳುತ್ತಲೇ ಬೆಳೆದವಳು. ಸ್ಪ್ಯಾನರ್ ಹಿಡಿದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಕೆಟ್ಟು ನಿಂತ ಇಂಜಿನ್ನು ಕಂಡರೆ ಶಾಪ ತಟ್ಟಿದ ರಾಜಕುಮಾರನನ್ನು ಕಂಡಂತೆ ಅವಳ ಕಣ್ಣರಳುತ್ತಿತ್ತು. ನಟರಾಜ್ ಅದಕ್ಕೇ ಬೈಯುತ್ತಿದ್ದ. ಹಬ್ಬಕ್ಕೆಂದು ಅತ್ತೆ ಮನೆಗೆ ಹೋಗಿದ್ದ ಅವನು ಬೆಳಿಗ್ಗೆ ಫೋನಿನಲ್ಲೇ ತೀರ್ಪು ಕೊಟ್ಟಿದ್ದ:

“ಲೇ ಕವನಾ, ಹಳೇ ಗಾಡಿ, ಹೊಗೆ ಬತ್ತದೆ, ಸ್ಟಾರ್ಟ್ ಆಯ್ತಿಲ್ಲ ಅಂದ್ಮೇಲೆ ಇನ್ನೇನಿದ್ದದು ಅಲ್ಲಿ? ಗ್ಯಾಸ್ಕೆಟ್ ಹೋಗಿರ್ತದೆ, ರಿಂಗ್ ಹೋಗಿರ್ತದೆ. ಆ ತಾತ ಗೋಗರೀತಾವ್ನೆ, ಒಂದ್ಸಲ ನೋಡಿ, ಆಗಲ್ಲ ಅಂದ್ಬುಟ್ಟು ಬಾ. ಕಥೆ ಕಟ್ತಾ ಕೂರ್ಬ್ಯಾಡ.”

ಬೀದಿಯವರು ತಳ್ಳಿ ತಂದ ಕಾರು ಹುಣಸೆ ಮರದ ನೆರಳಿನಲ್ಲಿ ನಿಂತಿತ್ತು. ಅದರ ಮುಂದೆ ಪುಟ್ಟಬಸವಯ್ಯ, ತಲೆಗೆ ಟವೆಲು ಸುತ್ತಿಕೊಂಡು, ಡಾಕ್ಟರಿಗೆ ಕಾಯುವವನ ಹಾಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ಜಗಲಿಯ ಮೇಲೆ ಅವನ ಹೆಂಡತಿ, ಹೆಸರೇ ದೊಡ್ಡಮ್ಮ, ಎರಡೂ ಕಾಲು ನೀಡಿಕೊಂಡು ಕೂತಿದ್ದಳು. ಅವರ ಮಗ ಸಿದ್ಧಾರ್ಥ ಕವಲಂದೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಫೋನು. ಅವನು ಕವನಳ ಕಡೆ ನೋಡಿದ್ದಕ್ಕಿಂತ ರಸ್ತೆಯ ಕಡೆ ನೋಡಿದ್ದೇ ಹೆಚ್ಚು.

“ನೋಡಮ್ಮ, ನೇರವಾಗಿ ಹೇಳ್ಬಿಡ್ತೀನಿ. ನಿನ್ನ ಕರೆಸಿದ್ದು ನಮ್ಮಪ್ಪ. ನಾನು ಕರೆಸಿರೋದು ಗುಜರಿ ಲಾರಿನ. ಮೈಸೂರಿಂದ ಹೊರಟಿದೆ, ಹನ್ನೆರಡಕ್ಕೆ ಇಲ್ಲಿರ್ತದೆ. ಕಾರು ನನ್ನ ಹೆಸರಲ್ಲಿದೆ, ಕೊಟ್ಟುಬಿಡ್ತೀನಿ.”

“ಬೆಳಿಗ್ಗೆ ಏನಾಯ್ತು ಸಾರ್?”

“ಏನಾಯ್ತಾ? ಮೂರು ಜನ ಕೂತು ಹೊರಟ್ವಿ. ಊರಾಚೆ ರಸ್ತೆ ಮೋರಿ ಹತ್ರ ಹೋಗ್ತಿದ್ದಂಗೆ ಕಾಲಡಿಯಿಂದ ಹೊಗೆ ಬಂತು. ಎರಡು ಸಲ ಜಗ್ಗಿ ಆಫ್ ಆಯ್ತು. ಅವ್ವ ಹಿಂದೆ ಕಾಲು ಚಾಚಿ ಕೂತಿದ್ಳು. ಮಂಡಿ ಮಡಚಲ್ಲ ಅವಳಿಗೆ. ಹೊಗೆ ಒಳಗೆ ಅವಳನ್ನ ಎಳೆದು ಹೊರಗೆ ಹಾಕೋಕೆ ಎಷ್ಟು ಹೊತ್ತು ಹಿಡೀತು ಗೊತ್ತಾ ನಿಂಗೆ?” ಅವನು ಮೋರಿಯ ಕಡೆ ಕೈ ತೋರಿಸಿದ. “ಬೆಂಕಿ ಹತ್ತಿಕೊಂಡಿದ್ರೆ?”

ಜಗಲಿಯ ಮೇಲಿಂದ ದೊಡ್ಡಮ್ಮ ಕೂಗಿದಳು. “ಹತ್ಕಂಡ್ತಾ? ಇಲ್ವಲ್ಲ. ಅಲ್ಲಿ ನನ್ ತಂಗಿ ಚಿಕ್ಕಮ್ಮ ಬಾಕ್ಲು ನೋಡ್ತಾ ಬಿದ್ದವ್ಳೆ. ಈ ಗಾಡಿ ಹೋದ್ರೆ ನಾನು ಈ ಜಗಲಿ ಬುಟ್ಟು ಎಲ್ಲಿಗ್ಲಾ ಹೋಗನೆ?”

“ಆಟೋ ಮಾಡ್ತೀನಿ ಅಂದ್ನಲ್ಲವ್ವ.”

“ನಿನ್ ಆಟೋದಾಗೆ ಕಾಲು ಎಲ್ಲಿಕ್ಕನೆ, ಡ್ರೈವರ್ ಹೆಗಲ ಮ್ಯಾಲಾ?”

ಸಿದ್ಧಾರ್ಥ ವಾಚು ನೋಡಿಕೊಂಡು, ಪಾಠಕ್ಕೆ ಮುಂಚೆ ನಿಯಮ ಹೇಳುವವನಂತೆ ಹೇಳಿದ: “ಸರಿ. ಹನ್ನೆರಡು ಗಂಟೆ ಒಳಗೆ ಈ ಕಾರು ತಾನೇ ಸ್ಟಾರ್ಟ್ ಆಗಲಿ. ಹೊಗೆ ಇರಬಾರದು. ಬೆಳಿಗ್ಗೆ ಕೆಟ್ಟು ನಿಂತಿತ್ತಲ್ಲ, ಆ ಮೋರಿ ತನಕ ಹೋಗಿ ವಾಪಸ್ ಈ ಮರದ ಕೆಳಗೆ ಬಂದು ನಿಲ್ಲಲಿ. ಲಾರಿನ ಖಾಲಿ ಕಳಿಸ್ತೀನಿ. ಇಲ್ದಿದ್ರೆ ಯಾರೂ ತುಟಿ ಪಿಟಕ್ ಅನ್ನಂಗಿಲ್ಲ.”

“ಬರ್ತದೆ ಸಾರ್. ಮೋರಿ ತನಕ ಹೋಗಿ ವಾಪಸ್ ಬರ್ತದೆ. ನಾನು ಮಾತು ಕೊಡ್ತೀನಿ,” ಎಂದುಬಿಟ್ಟಳು ಕವನ.

ಬಾನೆಟ್ಟು ಕೂಡ ತೆಗೆದಿರಲಿಲ್ಲ. ಅಜ್ಜಿಯ ಕಥೆಗಳಲ್ಲಿ ಹೀಗೇ ಮಾತು ಕೊಟ್ಟವರ ತಲೆ ಉರುಳುತ್ತಿದ್ದದ್ದು ಅವಳಿಗೆ ಆಮೇಲೆ ನೆನಪಾಯಿತು.

ಮೊದಲು ಅವಳು ಆಯಿಲ್ ಕಡ್ಡಿ ಎಳೆದು ನೋಡಿದಳು. ಆಯಿಲ್ ಕಪ್ಪಗಿತ್ತು, ಮಟ್ಟ ಸರಿಯಾಗಿತ್ತು. ಗ್ಯಾಸ್ಕೆಟ್ ಹೋದ ಇಂಜಿನ್ನಿನಲ್ಲಿ ನೀರು ಬೆರೆತು ಮಜ್ಜಿಗೆಯಂತಾಗುತ್ತದಲ್ಲ, ಹಾಗಿರಲಿಲ್ಲ. ರೇಡಿಯೇಟರ್ ಮುಚ್ಚಳ ತಿರುಗಿಸಿದಳು. ನೀರು ಕತ್ತಿನ ತನಕ ಇತ್ತು, ಮೇಲೆ ಎಣ್ಣೆಯ ಜಿಡ್ಡಿಲ್ಲ. ನಟರಾಜ್ ಹೇಳಿದ್ದರಲ್ಲಿ ಒಂದು ಸುಳ್ಳಾಯಿತು.

“ತಾತ, ಸೆಲ್ಫ್ ಹೊಡೀರಿ.”

ಪುಟ್ಟಬಸವಯ್ಯ ಒಳಗೆ ಕೂತು ಕೀಲಿ ತಿರುಗಿಸಿದ. ಇಂಜಿನ್ನು ಗರಗರನೆ ತಿರುಗಿತು, ಆದರೆ ಹತ್ತಿಕೊಳ್ಳಲಿಲ್ಲ. ಕವನ ಹಿಂದಕ್ಕೆ ಓಡಿಹೋಗಿ ಸೈಲೆನ್ಸರ್ ಬಾಯಿಗೆ ಮೂಗು ಹಿಡಿದಳು. ಹೊಗೆ ಇಲ್ಲ. ಪೆಟ್ರೋಲಿನ ವಾಸನೆ ಕೂಡ ಇಲ್ಲ. ಪ್ಲಗ್ ಬಿಚ್ಚಿದಳು: ಒಣಗಿದ ಬಾಯಿಯಂತೆ ಒಣಗಿತ್ತು. ಅದನ್ನು ಇಂಜಿನ್ನಿಗೆ ತಾಗಿಸಿ ಹಿಡಿದು ಇನ್ನೊಮ್ಮೆ ತಿರುಗಿಸಲು ಹೇಳಿದರೆ ನೀಲಿ ಕಿಡಿ ಚಟಚಟನೆ ಹಾರಿತು. ಕಿಡಿ ಇದೆ, ಗಾಳಿ ಇದೆ, ಪೆಟ್ರೋಲಿಲ್ಲ.

“ಟ್ಯಾಂಕಲ್ಲಿ ಎಷ್ಟಿದೆ ತಾತ?”

“ಅರ್ಧ ಟ್ಯಾಂಕದೆ ಕಣವ್ವ. ಮೊನ್ನೆ ಕವಲಂದೇಲಿ ಹಾಕ್ಸುದೆ.”

“ನೆನ್ನೆ ಎಲ್ಲಿಗಾದ್ರೂ ಓಡ್ಸಿದ್ರಾ?”

ಒಂದು ಚಿಕ್ಕ ಪ್ರಶ್ನೆ. ಅದಕ್ಕೆ ಮುದುಕನ ಕಣ್ಣು ಮೊದಲು ಜಗಲಿಗೆ ಹೋಯಿತು, ಅಲ್ಲಿಂದ ಮಗನ ಬಿಳಿ ಅಂಗಿಗೆ ಹೋಯಿತು, ಆಮೇಲೆ ನೆಲಕ್ಕೆ ಬಿತ್ತು.

“ಇಲ್ಲ. ಇಲ್ಲೇ ನಿಂತಿತ್ತು.”

“ಹಬ್ಬದ ದಿನ ಯಾರ್ ಓಡುಸ್ತರೆ?” ಎಂದಳು ದೊಡ್ಡಮ್ಮ, ಯಾರೂ ಅವಳನ್ನು ಕೇಳಿರದಿದ್ದರೂ.

ಕವನಳಿಗೆ ಅಜ್ಜಿಯ ಕಥೆ ನೆನಪಾಯಿತು. ಕಥೆಯಲ್ಲಿ ರಾಕ್ಷಸನ ಪ್ರಾಣ ಅವನ ಎದೆಯಲ್ಲಿರುವುದಿಲ್ಲ. ಎಲ್ಲೋ ಏಳು ಕೆರೆಯಾಚೆ, ಗಿಳಿಯ ಕೊರಳಲ್ಲಿರುತ್ತದೆ. ಅದನ್ನು ಬಲ್ಲವರು ಆ ಮನೆಯಲ್ಲೇ ಇರುತ್ತಾರೆ, ಆದರೆ ಬಾಯಿ ಬಿಡುವುದಿಲ್ಲ.

ಅವಳು ನೀರಿನ ಬಾಟಲಿಯೊಂದನ್ನು ಬರಿದು ಮಾಡಿ, ಒರೆಸಿ, ಸ್ಕೂಟರಿನಿಂದ ಕಾಲು ಲೀಟರ್ ಪೆಟ್ರೋಲು ಇಳಿಸಿಕೊಂಡಳು. ಟ್ಯಾಂಕಿನಿಂದ ಬರುವ ಪೈಪನ್ನು ಇಂಜಿನ್ನಿನ ಪಂಪಿನಿಂದ ಕಳಚಿ, ಅದರ ಜಾಗಕ್ಕೆ ಚೀಲದಲ್ಲಿದ್ದ ರಬ್ಬರ್ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಬಿಟ್ಟಳು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಕೊಡುವ ಹಾಗೆ ಬಾಟಲಿಯನ್ನು ಕೈಯಲ್ಲಿ ಎತ್ತಿ ಹಿಡಿದಳು.

“ಈಗ ಹೊಡೀರಿ.”

ಗರ್, ಗರ್, ಗರ್. ಬಾಟಲಿಯ ಪೆಟ್ರೋಲು ಒಂದು ಬೆರಳಷ್ಟು ಇಳಿಯಿತು. ಇದ್ದಕ್ಕಿದ್ದಂತೆ ಇಂಜಿನ್ನು ಕೆಮ್ಮಿ, ಕೊಡವಿಕೊಂಡು, ಎದ್ದು ಕೂತಿತು.

ಪುಟ್ಟಬಸವಯ್ಯ ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ದೊಡ್ಡಮ್ಮ ಜಗಲಿಯ ಕಂಬ ಹಿಡಿದು ಏಳಲು ಹೊರಟಳು. ಇಂಜಿನ್ನು ಗಟ್ಟಿಯಾಗಿ, ಸಮವಾಗಿ, ಯಾವ ರೋಗವೂ ಇಲ್ಲದಂತೆ ಓಡುತ್ತಿತ್ತು. ಒಂದು ನಿಮಿಷ ಆಗಿರಬಹುದು. ಆಗ ಕಾರಿನ ಹೊಟ್ಟೆಯ ಕೆಳಗಿಂದ ಬೂದಿಬಣ್ಣದ ಹೊಗೆ ಎದ್ದಿತು.

“ಆಫ್ ಮಾಡಪ್ಪಾ! ಆಫ್ ಮಾಡು, ಇಳಿ!” ಸಿದ್ಧಾರ್ಥ ಕಿರುಚಿ ಓಡಿಬಂದು ಅಪ್ಪನ ತೋಳು ಹಿಡಿದು ಎಳೆದ. ಕವನ ಬಾಟಲಿಯನ್ನು ದೂರಕ್ಕೆ ಒಯ್ದಿಟ್ಟು ಬಂದು ನೆಲದ ಮೇಲೆ ಅಂಗಾತ ಮಲಗಿದಳು. ಹೊಗೆ ಕಣ್ಣಿಗೆ ಹೊಡೆಯಿತು. ಅವಳು ಅದನ್ನು ಉದ್ದಕ್ಕೆ ಮೂಗಿಗೆ ಎಳೆದುಕೊಂಡಳು. ಆಯಿಲ್ ಸುಟ್ಟರೆ ಬರುವ ನಾತ ಅವಳಿಗೆ ಗೊತ್ತು, ವೈರು ಸುಟ್ಟರೆ ಬರುವ ನಾತವೂ ಗೊತ್ತು. ಇದು ಎರಡೂ ಅಲ್ಲ. ಇದು ಒದ್ದೆ ಒಲೆಯ ವಾಸನೆ, ಹುಲ್ಲಿನ ವಾಸನೆ.

“ಸಾರ್, ಇಂಜಿನ್ ಚೆನ್ನಾಗಿದೆ,” ಎಂದಳು ಮಲಗಿದಲ್ಲಿಂದಲೇ. “ಹೊಗೆ ಬೇರೆ, ಸ್ಟಾರ್ಟ್ ಆಗದೆ ಇರೋದು ಬೇರೆ. ಎರಡಕ್ಕೂ ಒಂದೇ ಕಾಯಿಲೆ ಅಂತ ನಾವೆಲ್ಲ ತಿಳ್ಕೊಂಡಿದ್ವಿ.”

“ಎರಡು ಕಾಯಿಲೆ ಇದೆ ಅಂತ ಸಂತೋಷ ಪಡಬೇಕಾ ನಾನು?”

ಅವಳು ಕೈ ಚಾಚಿ ಸೈಲೆನ್ಸರ್ ಪೈಪಿನ ಮೇಲಿಂದ ಒಂದು ಹಿಡಿ ಕಿತ್ತು ತೆಗೆದಳು. ಅರ್ಧ ಸುಟ್ಟ ಭತ್ತದ ಹುಲ್ಲು. ಒಳಗೆ ಇನ್ನೂ ತೇವ, ಹೊರಗೆ ಕರಿ. ಪೈಪು ಕಾದಾಗಲೆಲ್ಲ ಹೊಗೆಯಾಡುತ್ತಿದ್ದದ್ದು ಇದೇ.

“ತಾತ, ಇದು ಹೆಂಗೆ ಬಂತು ಇಲ್ಲಿಗೆ?”

“ಅಂಗಳದಲ್ಲಿ ಹುಲ್ಲು ಬಿದ್ದಿರ್ತದೆ ಕಣವ್ವ,” ಎಂದ ಪುಟ್ಟಬಸವಯ್ಯ. ಮಗ ಎರಡು ಮಾರು ದೂರದಲ್ಲಿ ನಿಂತಿದ್ದ. “ಗಾಳಿಗೆ ಹಾರಿ ಮೆತ್ಕಂಡಿರ್ತದೆ.”

“ಸುಟ್ಟಿದೆಯಲ್ಲ?”

“ಪೈಪ್ ಬಿಸಿಗೆ ಸುಟ್ಟಿರ್ತದೆ.”

“ಒದ್ದೆ ಆಗಿದೆಯಲ್ಲ?”

ಮುದುಕ ಟವೆಲು ಬಿಚ್ಚಿ ಮತ್ತೆ ಸುತ್ತಿಕೊಂಡ.

ಕವನ ಎದ್ದು, ಪಂಪಿನಿಂದ ಕಳಚಿದ್ದ ಟ್ಯಾಂಕಿನ ಪೈಪಿಗೆ ಬಾಯಿಟ್ಟು ಊದಿದಳು. ಸರಿಯಿದ್ದರೆ ಹಿಂದೆ ಟ್ಯಾಂಕಿನೊಳಗೆ ಗುಳುಗುಳು ಸದ್ದಾಗಬೇಕು. ಕೆನ್ನೆ ಉಬ್ಬಿತು, ಕಿವಿ ಬಿಸಿಯಾಯಿತು, ಗಾಳಿ ಒಂದು ಗೇಣೂ ಮುಂದೆ ಹೋಗಲಿಲ್ಲ. ಎಲ್ಲೋ ದಾರಿ ಮುಚ್ಚಿಹೋಗಿದೆ. ಪೈಪು ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಹೋಗುತ್ತದೆ, ಬಹುಪಾಲು ಕಬ್ಬಿಣದ್ದು. ಆದರೆ ಮುಂದೊಂದು ಕಡೆ, ಹಿಂದೆ ಟ್ಯಾಂಕಿನ ಹತ್ತಿರ ಒಂದು ಕಡೆ, ರಬ್ಬರಿನ ತುಂಡು ಇರುತ್ತದೆ. ಬೆಂಕಿ ತಗುಲಿದ್ದರೆ ಕರಗಿರುವುದು ಆ ಎರಡರಲ್ಲಿ ಒಂದು. ಬೆಂಕಿ ತಗುಲಿದ್ದರೆ! ತಗುಲಿಲ್ಲ ಎನ್ನುತ್ತಿದ್ದಾರಲ್ಲ ಇವರು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹಾರನ್ ಕೇಳಿಸಿತು. ಲಾರಿ ಬಂದಿತ್ತು. ಹನ್ನೊಂದು ಇಪ್ಪತ್ತಕ್ಕೇ ಬಂದಿತ್ತು.

ಲಾರಿಯ ಡ್ರೈವರು ಗಟ್ಟಿಮುಟ್ಟಾದ ಆಳು, ಖಾಕಿ ಅಂಗಿಯ ಗುಂಡಿ ಬಿಚ್ಚಿಕೊಂಡಿದ್ದ. ಇಳಿದವನೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲನ್ನು ಒದ್ದು ನೋಡಿ, ಲಾರಿಯ ಬೆನ್ನಿನಿಂದ ಸರಪಳಿ ಇಳಿಸತೊಡಗಿದ.

“ಒದೀಬ್ಯಾಡಪ್ಪ,” ಎಂದ ಪುಟ್ಟಬಸವಯ್ಯ.

“ಇನ್ನೇನ್ ನೋವಾಯ್ತದಾ ಯಜಮಾನ್ರೇ ಇದುಕ್ಕೆ? ಸಾ, ಬ್ಯಾಗ ಪೇಪರ್ ಕೊಡಿ ಸಾ. ನಂಜನಗೂಡಲ್ಲಿ ಇನ್ನೂ ಎರಡು ಗಾಡಿ ಎತ್ಬೇಕು.”

“ಹನ್ನೆರಡಕ್ಕೆ ಅಂತ ಅಲ್ವಾ ಹೇಳಿದ್ದು?” ಎಂದ ಸಿದ್ಧಾರ್ಥ.

“ಬ್ಯಾಗ ಬಂದ್ರೂ ಬೈತೀರಲ್ಲ ಸಾ!”

ಡ್ರೈವರು ಸರಪಳಿಯ ಕೊಕ್ಕೆಯನ್ನು ಕಾರಿನ ಮುಂಭಾಗದ ಕಬ್ಬಿಣದ ಬಳೆಗೆ ಸಿಕ್ಕಿಸಿಯೇಬಿಟ್ಟ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಆ ಸದ್ದಿಗೆ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡಳು.

ಕವನ ಲೆಕ್ಕ ಹಾಕಿದಳು. ಅವಳ ಹತ್ತಿರ ಜಾಕ್ ಇರುವುದು ಒಂದೇ. ಕಾರಿನ ಮುಂಭಾಗ ಎತ್ತಿ, ಕಲ್ಲು ಕೊಟ್ಟು, ಕೆಳಗೆ ತೂರಿ, ಪೈಪು ಬಿಚ್ಚಿ ನೋಡಲು ಇಪ್ಪತ್ತು ನಿಮಿಷ. ಅಲ್ಲಿ ಇಲ್ಲವೆಂದಾದರೆ ಇಳಿಸಿ, ಹಿಂಭಾಗ ಎತ್ತಲು ಮತ್ತೆ ಇಪ್ಪತ್ತು. ಅಷ್ಟು ಹೊತ್ತಿಲ್ಲ. ಒಂದೇ ಸಲ, ಸರಿಯಾದ ಕಡೆ ಎತ್ತಬೇಕು. ಯಾವ ಕಡೆ ಎಂದು ಬಲ್ಲವರು ಇಬ್ಬರು, ಆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಮಗನ ಮುಖ ನೋಡುತ್ತಿದ್ದರು.

ತೆರೆದ ಬಾಗಿಲಿನಿಂದ ಪಡಸಾಲೆಯ ಗೋಡೆ ಕಾಣುತ್ತಿತ್ತು. ಅಲ್ಲಿ ಬುದ್ಧನ ದೊಡ್ಡ ಪಟ. ಬೇರೆ ಯಾವ ದೇವರೂ ಇರಲಿಲ್ಲ. ಕವನ ಆ ಪಟ ನೋಡಿದಳು, ಕೈಯಲ್ಲಿದ್ದ ಸುಟ್ಟ ಹುಲ್ಲು ನೋಡಿದಳು, ನಿನ್ನೆ ಸಂಕ್ರಾಂತಿ ಎಂಬುದನ್ನು ನೆನೆದಳು. ಕಾರಿನ ದೀಪದ ಸಂದಿಯಲ್ಲಿ ಯಾರೋ ಉಜ್ಜಿ ಒರೆಸಿದರೂ ಉಳಿದುಹೋದ ಅರಿಶಿನ ಈಗ ಕಣ್ಣಿಗೆ ಬಿತ್ತು. ಅವಳಿಗೆ ಎಲ್ಲ ಹೊಳೆಯಿತು.

ಜಗಲಿಯ ಹತ್ತಿರ ಹೋಗಿ ದೊಡ್ಡಮ್ಮನ ಕಾಲ ಬಳಿ ಕೂತು, ಆದಷ್ಟು ಮೆಲ್ಲಗೆ ಕೇಳಿದಳು: “ಅಜ್ಜಿ, ಯಾಕೆ ಹೆಂಗೆ ಅಂತ ನಾನು ಕೇಳಲ್ಲ. ಬೆಂಕಿ ಎಲ್ಲಿ ತಗುಲ್ತು, ಮುಂದಕ್ಕಾ ಹಿಂದಕ್ಕಾ, ಅಷ್ಟು ಹೇಳಿ ಸಾಕು. ಹೇಳಿದ್ರೆ ಗಾಡಿ ಉಳೀತದೆ. ಹೇಳದೇ ಇದ್ರೆ ಆ ಸರಪಳಿ ಎಳೀತದೆ.”

“ಬೆಂಕಿ?” ಸಿದ್ಧಾರ್ಥನ ಕಿವಿ ಚುರುಕು. “ಯಾವ ಬೆಂಕಿ?”

ಡ್ರೈವರು ಸರಪಳಿ ಎಳೆಯುವುದನ್ನು ನಿಲ್ಲಿಸಿದ.

ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಕಿಚ್ಚು ಹಾಯ್ಸುದೊ ಕಣವ್ವ,” ಎಂದಳು. ಹೇಳಿದ್ದು ಕವನಳಿಗೆ, ನೋಡಿದ್ದು ಮಗನನ್ನು. “ನೆನ್ನೆ ನೀನು ಸ್ಕೂಲ್ನಿಂದ ಅದ್ಯಾವುದೋ ಮೀಟಿಂಗು ಅಂತ ಹೋಗಿದ್ಯಲ್ಲ, ಆಗ. ಓಡುಸ್ದೋರು ಇವ್ರು. ಓಡ್ಸು ಅಂದೋಳು ನಾನು.”

“ಕಿಚ್ಚಾ?” ಸಿದ್ಧಾರ್ಥ ಜಗಲಿಯ ಹತ್ತಿರಕ್ಕೆ ಬಂದ. “ಹುಲ್ಲಿಗೆ ಬೆಂಕಿ ಹಚ್ಚಿ, ದನ ದಾಟಿಸೋ ಹಂಗೆ... ಕಾರನ್ನಾ?”

ಡ್ರೈವರು ಕಿಸಕ್ಕನೆ ನಕ್ಕ. ಸಿದ್ಧಾರ್ಥ ಅವನತ್ತ ತಿರುಗಿದ ರೀತಿಗೆ ನಗೆ ಅರ್ಧಕ್ಕೇ ನಿಂತಿತು.

“ಅವ್ವ, ನಂಗೆ ಮಾತು ಕೊಟ್ಟಿದ್ದೆ ನೀನು. ಈ ಮನೇಲಿ ಇನ್ಮೇಲೆ ಕಿಚ್ಚು ಹಾಯ್ಸಲ್ಲ ಅಂತ. ನಾನು ಊರೆಲ್ಲ ಹೇಳ್ಕೊಂಡು ತಿರುಗ್ತೀನಿ, ಮಕ್ಕಳಿಗೆ ಹೇಳ್ತೀನಿ...”

“ದನಕ್ಕೆ ಹಾಯ್ಸಲ್ಲ ಅಂತ ಕೊಟ್ಟಿದ್ದೆ. ಮೂಕ ಪ್ರಾಣಿ, ಕಾಲು ಸುಡ್ತದೆ, ಹೆದ್ರುಕತ್ತದೆ ಅಂದೆ ನೀನು. ನ್ಯಾಯವಾದ ಮಾತು, ಒಪ್ಕಂಡೆ. ಎತ್ತು ಮಾರಿ ನಾಕು ವರ್ಸ ಆಯ್ತು, ಒಂದಿನಕ್ಕೂ ಕಿಚ್ಚಿನ ಮಾತೆತ್ತಿಲ್ಲ. 'ಕಾರಿಗೆ ಹಾಯ್ಸಬ್ಯಾಡ' ಅಂತ ಯಾವತ್ಲಾ ಅಂದಿದ್ದೆ ನೀನು? ಅದುಕ್ಕೆ ಯಾವ ಕಾಲು ಸುಡ್ತದೆ?”

ಸಿದ್ಧಾರ್ಥ ಕಾರಿನತ್ತ ತಿರುಗಿದ.

“ಬೀದಿ ದನ ಎಲ್ಲ ಹಾಯ್ತಿದ್ದೊ,” ದೊಡ್ಡಮ್ಮನ ದನಿ ಇಳಿಯಿತು. “ನಮ್ ಬಾಕ್ಲಲ್ಲಿ ಇದೊಂದೇ ನಿಂತಿತ್ತು. ವಾರಾ ವಾರಾ ನನ್ನ ಹೊತ್ಕಂಡು ಹೋಗದು, ನನ್ ತಂಗಿ ಮಕ ತೋರ್ಸಿ ಕರ್ಕಬರದು ಇನ್ಯಾರು ಯೋಳು? ನೀನಾ? ಈ ವರ್ಸ ಅದುಕ್ಕೊಂದು ಕೇಡು ಬರ್ಬಾರ್ದು ಅನ್ನುಸ್ತು. ಮೈ ತೊಳ್ದೆ, ಅರಿಶಿನ ಹಚ್ದೆ, ಹಾಯ್ಸುದೆ. ತಪ್ಪಾದ್ರೆ ನನ್ನನ್ನ ಎತ್ತಾಕು ಆ ಲಾರಿಗೆ.”

“ಅಜ್ಜಿ, ಮುಂದಕ್ಕಾ ಹಿಂದಕ್ಕಾ?” ಕವನ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಪುಟ್ಟಬಸವಯ್ಯ. “ದಾಟ್ತಿತ್ತು ಕಣವ್ವ. ಮುಂದಿನ ಗಾಲಿ ಹೂವಿನಂಗೆ ದಾಟ್ತು. ಹಿಂದಿನ ಗಾಲಿ ಇನ್ನೇನು ದಾಟ್ಬೇಕು, ಇವ್ಳು ಕೂಗುದ್ಲು: 'ನಿಲ್ಸಿ, ಆರತಿ ಎತ್ತದು ಮರ್ತೋಗದೆ' ಅಂತ.”

“ನೀವು?”

“ನಿಲ್ಲುಸ್ದೆ.”

“ಬೆಂಕಿ ಮೇಲೆ?”

“ಹುಲ್ಲಿನ ಬೆಂಕಿ, ಆರೋಗದೆ ಅಂದ್ಕಂಡೆ. ಇವ್ಳಿಗೆ ಮಂಡಿ ಬ್ಯಾರೆ, ಸುತ್ತಾಕ್ಕಂಡು ಬರೋ ಹೊತ್ಗೆ... ಆಮ್ಯಾಲೆ ಎಲ್ಲ ಸೇರಿ ತಳ್ಳಿ, ನೀರು ಹುಯ್ದೊ.”

ಕವನ ಆಗಲೇ ಜಾಕ್ ಎತ್ತಿಕೊಂಡು ಕಾರಿನ ಹಿಂದಕ್ಕೆ ಓಡುತ್ತಿದ್ದಳು.

ಹನ್ನೊಂದು ಮೂವತ್ತೆಂಟು. “ಏನ್ ಸಾ, ಎಳೀಲಾ ಬ್ಯಾಡ್ವಾ?” ಎಂದ ಡ್ರೈವರು. ಸಿದ್ಧಾರ್ಥ ವಾಚು ನೋಡಿದ, ಅವ್ವನನ್ನು ನೋಡಿದ. ಮುಖ ಇನ್ನೂ ಬಿಗಿದುಕೊಂಡೇ ಇತ್ತು. “ಹನ್ನೆರಡು ಅಂದ್ರೆ ಹನ್ನೆರಡು. ಸರಪಳಿ ಬಿಚ್ಚಿ ಆ ಕಡೆ ಕೂತ್ಕೊಳಿ,” ಎಂದವನು, ಕವನ ಕಲ್ಲು ಹುಡುಕುತ್ತಿರುವುದನ್ನು ಕಂಡು, ತುಳಸಿಯಿಲ್ಲದೆ ಬರಿದಾಗಿದ್ದ ಹಳೆಯ ಕಟ್ಟೆಯಿಂದ ಎರಡು ಸೈಜುಗಲ್ಲು ಹೊತ್ತು ತಂದು ಹಾಕಿದ. ಬಿಳಿ ಅಂಗಿಗೆ ಮಣ್ಣು ಬಳಿಯಿತು.

ಹಿಂಭಾಗ ಮೇಲೆದ್ದಿತು. ಕವನ ಕೆಳಗೆ ತೂರಿದಳು. ಟಾರ್ಚು ಹಿಡಿಯಲು ಯಾರಾದರೂ ಬೇಕಿತ್ತು. ಕೇಳುವ ಮೊದಲೇ ಸಿದ್ಧಾರ್ಥ ಪಕ್ಕಕ್ಕೆ ಮಲಗಿ ಬೆಳಕು ಬಿಟ್ಟ.

ಅಲ್ಲಿತ್ತು. ಟ್ಯಾಂಕಿನ ಪಕ್ಕದ ಗೇಣುದ್ದದ ರಬ್ಬರು ಪೈಪು ಬೆಂದ ಬದನೆಕಾಯಿಯಂತೆ ಮೆತ್ತಗಾಗಿ, ಚಪ್ಪಟೆಯಾಗಿ, ತನಗೆ ತಾನೇ ಅಂಟಿಕೊಂಡಿತ್ತು. ಕಾರ್ಬುರೇಟರಿನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲೇ ಬೆಳಿಗ್ಗೆ ಮೋರಿಯ ತನಕ ಓಡಿದ್ದು. ಅದು ಮುಗಿದದ್ದೇ ಇಂಜಿನ್ನು ಬಾಯಾರಿ ನಿಂತಿತ್ತು. ಪೈಪಿನ ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು. ಆ ಬಿರುಕಿನ ಬಾಯಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಅದರ ಕೆಳಗೆ ಅರ್ಧ ಅಡಿ ದೂರದಲ್ಲಿ, ಸೈಲೆನ್ಸರಿನ ಬುಡದಲ್ಲಿ, ಇನ್ನೊಂದು ಹುಲ್ಲಿನ ಉಂಡೆ ಸಣ್ಣಗೆ ಹೊಗೆಯಾಡುತ್ತಿತ್ತು.

ಇಬ್ಬರೂ ಅದನ್ನು ಒಟ್ಟಿಗೇ ಕಂಡರು.

“ಯಾರೂ ಬೀಡಿ ಹಚ್ಚಬೇಡಿ!” ಕವನಳ ದನಿ ಕೀರಲಾಯಿತು. “ತಾತ, ಮರಳು! ಒಂದು ಬಕೆಟ್ ಮರಳು ತನ್ನಿ!”

ಆಚೆ ಡ್ರೈವರು ಬೆಂಕಿಪೊಟ್ಟಣವನ್ನು ಜೇಬಿಗಿಳಿಸಿ ಹತ್ತು ಹೆಜ್ಜೆ ಹಿಂದಕ್ಕೆ ಹೋದ.

ಅವಳು ಒದ್ದೆ ಚಿಂದಿಯಿಂದ ಹುಲ್ಲಿನ ಉಂಡೆಯನ್ನು ಹಿಸುಕಿ ಹಿಡಿದು ಎಳೆದಳು. ಚಿಂದಿಯ ಮೂಲಕವೂ ಅಂಗೈ ಚುರುಗುಟ್ಟಿತು. ಸಿದ್ಧಾರ್ಥ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಮರಳಿನ ಬಕೆಟ್ಟಿಗೆ ತುರುಕಿ ಒತ್ತಿದ. ಆಮೇಲೆ ಪೈಪಿನ ಸುತ್ತ, ಅಡ್ಡಪಟ್ಟಿಯ ಸಂದಿಯಲ್ಲಿ, ಒಂದು ಎಸಳೂ ಉಳಿಯದಂತೆ ಕೆರೆದರು. ಹನ್ನೊಂದು ನಲವತ್ತೊಂಬತ್ತು.

“ನೀವು ಹೆದರಿದ್ದು ಸುಳ್ಳಲ್ಲ ಸಾರ್,” ಎಂದಳು ಕವನ, ಬ್ಲೇಡಿನಿಂದ ಸುಟ್ಟ ಪೈಪು ಕೊಯ್ಯುತ್ತಾ. “ಇದು ಅಂಟಿಕೊಳ್ಳದೆ ಬರೀ ಒಡೆದಿದ್ದಿದ್ರೆ...”

“ಕೆಲಸ ನೋಡಮ್ಮ.”

ಪೈಪು ಕಳಚಿದ್ದೇ ಪೆಟ್ರೋಲು ಮೊಳಕೈಯ ತನಕ ತಣ್ಣಗೆ ಹರಿಯಿತು. ಹೆಬ್ಬೆರಳಿನಿಂದ ಬಾಯಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಟಲಿಗೆ ಹಾಕಿದ್ದ ರಬ್ಬರು ಪೈಪನ್ನೇ ಅಳೆದು ಕೊಯ್ದು ಸಿಕ್ಕಿಸಿದಳು. ಕ್ಲಿಪ್ಪಿನ ತಿರುಪು ಜಾರಿ ಮಣ್ಣಿಗೆ ಬಿತ್ತು. ಸಿದ್ಧಾರ್ಥ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬೆರಳಲ್ಲಿ ಮಣ್ಣು ಕೆದಕಿದ. ಸಿಕ್ಕಿತು. ಬಿಗಿದಳು. ಮುಂದಕ್ಕೆ ಓಡಿ ಪಂಪಿನ ಕಡೆಯಿಂದ ಊದಿದಳು. ಹಿಂದೆ ಟ್ಯಾಂಕಿನೊಳಗೆ ಗುಳುಗುಳು ಎಂದಿತು. ಜಗತ್ತಿನಲ್ಲಿ ಅಷ್ಟು ಚಂದದ ಸದ್ದು ಇನ್ನೊಂದಿಲ್ಲ ಅನ್ನಿಸಿತು ಅವಳಿಗೆ.

ಪೈಪನ್ನು ಪಂಪಿಗೆ ಮತ್ತೆ ಸಿಕ್ಕಿಸಿ, ಕಾರು ಇಳಿಸಿ, ಪೆಟ್ರೋಲು ಬಿದ್ದ ಜಾಗದಿಂದ ನಾಲ್ಕು ಮಾರು ಮುಂದಕ್ಕೆ ತಳ್ಳಿದಾಗ ಹನ್ನೊಂದು ಐವತ್ತನಾಲ್ಕು.

ಪುಟ್ಟಬಸವಯ್ಯ ಸೆಲ್ಫ್ ಹೊಡೆದ. ಗರ್, ಗರ್, ಗರ್. ಇಲ್ಲ. ಮತ್ತೊಮ್ಮೆ ಹೊಡೆದ. ಇಲ್ಲ.

“ಪೆಟ್ರೋಲ್ ಹಿಂದಿಂದ ಮುಂದಕ್ಕೆ ಬರಬೇಕು ತಾತ, ತಾಳಿ. ಆಕ್ಸಿಲರೇಟರ್ ತುಳೀಬೇಡಿ.”

“ನಾನ್ ತುಳೀತಿಲ್ಲ ಕಣವ್ವ, ಕಾಲೇ ನಡುಗ್ತಾ ಅದೆ.”

ಮೂರನೆಯ ಸಲಕ್ಕೆ ಬ್ಯಾಟರಿಯ ದನಿ ಇಳಿಯಿತು. ಗರ್... ಗರ್... ಡ್ರೈವರು ಎದ್ದು ನಿಂತ. ನಾಲ್ಕನೆಯ ಸಲ ಇನ್ನೂ ಇಳಿಯಿತು, ಸಾಯುವವನ ಗೊರಕೆಯಂತೆ ಎಳೆಯಿತು. ಎಳೆಯುತ್ತ ಎಳೆಯುತ್ತಲೇ ಎಲ್ಲೋ ಒಂದು ಕಿಡಿ ಹತ್ತಿತು. ಇಂಜಿನ್ನು ಒಮ್ಮೆ ಒದರಿ, ತಡವರಿಸಿ, ಹಿಡಿದುಕೊಂಡಿತು.

ಸೈಲೆನ್ಸರಿನಿಂದ ಬೆಳ್ಳಗೆ ಏನೋ ಎದ್ದಿತು. ಸಿದ್ಧಾರ್ಥ ಕಲ್ಲಾದ. ಕವನ ಅಂಗೈಯನ್ನು ಅದರ ಬಾಯಿಗೆ ಹಿಡಿದು ಅವನಿಗೆ ತೋರಿಸಿದಳು. ಅಂಗೈ ಒದ್ದೆಯಾಗಿತ್ತು, ವಾಸನೆ ಇರಲಿಲ್ಲ.

“ನೀರಾವಿ ಸಾರ್. ನಿಮ್ಮ ಪಾಠದಲ್ಲೇ ಇರ್ತದೆ.”

ಅವನು ತನ್ನ ಅಂಗೈಯನ್ನೂ ಹಿಡಿದು ನೋಡಿದ. ಒಂದು ನಿಮಿಷ ಕಾದರು, ಎರಡು ನಿಮಿಷ ಕಾದರು. ಕಾರಿನ ಹೊಟ್ಟೆಯ ಕೆಳಗಿಂದ ಏನೂ ಏಳಲಿಲ್ಲ.

ದೊಡ್ಡಮ್ಮ ಕೋಲೂರಿಕೊಂಡು ಕಾರಿನ ಬಾಗಿಲ ತನಕ ಬಂದಿದ್ದಳು. ಸಿದ್ಧಾರ್ಥ ತಡೆದ. “ಇರವ್ವ. ನೀನು ಕೂರೋ ಜಾಗದಲ್ಲಿ ಮೊದಲು ನಾನು ಕೂರ್ತೀನಿ.” ಮರಳಿನ ಬಕೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಕವನ ಮುಂದೆ ಕೂತಳು. ಪುಟ್ಟಬಸವಯ್ಯ ಗೇರು ಹಾಕಿದ. ಹನ್ನೊಂದು ಐವತ್ತೇಳು.

ಬೀದಿ ದಾಟಿತು. ಕರಿಬೂದಿಯ ಒಂದು ಅಡ್ಡಪಟ್ಟೆ ದಾರಿಯಲ್ಲಿ ಇನ್ನೂ ಬಿದ್ದಿತ್ತು. ಕಾರು ಅದರ ಮೇಲೆ ನಿಲ್ಲದೆ ಹೋಯಿತು. ಮೂವರೂ ಒಂದೇ ಸದ್ದಿಗೆ ಕಿವಿಗೊಟ್ಟಿದ್ದರು. ಮೋರಿ ಹತ್ತಿರವಾಯಿತು. ಬೆಳಿಗ್ಗೆ ಜಗ್ಗಿದ ಜಾಗ ಬಂತು. ಪುಟ್ಟಬಸವಯ್ಯನ ತುಟಿ ಅಲುಗಿತು, ಯಾರನ್ನು ಬೇಡಿಕೊಂಡನೋ. ಜಗ್ಗಲಿಲ್ಲ. ಮೋರಿಯಾಚೆ ಹಿಂದೆ ಮುಂದೆ ಮಾಡಿ ತಿರುಗಿಸುವಾಗ ಇಂಜಿನ್ನು ಒಂದು ಕ್ಷಣ ಕುಗ್ಗಿತು. ಕವನ ಡ್ಯಾಶ್‌ಬೋರ್ಡನ್ನು ಗಟ್ಟಿಯಾಗಿ ಹಿಡಿದಳು. ಮುದುಕ ಕ್ಲಚ್ಚನ್ನು ಕೂದಲೆಳೆಯಷ್ಟು ಒತ್ತಿ, ಮೆಲ್ಲಗೆ ಬಿಟ್ಟ. ಅದು ಮತ್ತೆ ಎದ್ದಿತು.

“ಹೊಗೆ ಇದ್ಯಾ ಸಾರ್?” ಅವಳು ತಿರುಗದೆ ಕೇಳಿದಳು.

ಹಿಂದೆ ಸಿದ್ಧಾರ್ಥ ಬಗ್ಗಿ ಕಾಲಡಿಯ ಮ್ಯಾಟು ಎತ್ತಿ ನೋಡುತ್ತಿದ್ದ.

“ಇಲ್ಲ.”

ಬೀದಿಗೆ ಮರಳಿದಾಗ ಲಾರಿ ದಾರಿಗಡ್ಡ ನಿಂತಿತ್ತು. ಪುಟ್ಟಬಸವಯ್ಯ ಹಾರನ್ ಒತ್ತಿದ. ಡ್ರೈವರು ಕಾರನ್ನು ನೋಡಿದ, ಹಿಂದಿನ ಸೀಟಿನಲ್ಲಿ ಬಕೆಟ್ ಅಪ್ಪಿಕೊಂಡು ಕೂತ ಮೇಷ್ಟ್ರನ್ನು ನೋಡಿದ, ತಲೆ ಕೆರೆದುಕೊಂಡು ಲಾರಿ ಹತ್ತಿ ರಿವರ್ಸ್ ತೆಗೆದ. ಕಾರು ಅಂಗಳಕ್ಕೆ ತಿರುಗಿ, ಹುಣಸೆ ಮರದ ಕೆಳಗೆ, ಜಾಕಿನ ಕಲ್ಲುಗಳಿಗೆ ತುಸು ದೂರದಲ್ಲಿ ಬಂದು ನಿಂತಿತು. ಹನ್ನೆರಡಕ್ಕೆ ಇನ್ನೂ ಅರ್ಧ ನಿಮಿಷವಿತ್ತು; ಸಿದ್ಧಾರ್ಥ ಲಾರಿಗೆ ಹೋಗೆಂದು ಕೈ ಬೀಸಿದ. ಪುಟ್ಟಬಸವಯ್ಯ ಹ್ಯಾಂಡ್‌ಬ್ರೇಕ್ ಎಳೆದ. ಇಂಜಿನ್ನು ಆಫ್ ಮಾಡಲಿಲ್ಲ; ಅಂದು ಗುರುವಾರ.